ಎಂಟನೇ ಕ್ಯಾಸೆಟ್

ಮತ್ತೆ ನೋಡುತ್ತಿದ್ದೇನೆ, ಮೂವತ್ತೇಳು ವರ್ಷದ ಮೇಲೆ,
ಕೌಲ್‌ಬಜಾರಿನ ಇದೇ ನಡುಮನೆಯಲ್ಲಿ,
ಅಣ್ಣನ ಮಗನ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು:
ಅದೇ ಕಂದು ಕಾರು, ಅದೇ ಒದ್ದೆ ಬೀದಿ,
ಬಾಗಿಲನ್ನು ಕೈಯಿಂದಲ್ಲ ಭುಜದಿಂದ ತೆರೆಯುವ
ಅದೇ ಇಬ್ಬರು ಮಫ್ತಿ ಪೊಲೀಸರು.

ಬಳ್ಳಾರಿಯ ಮೇ ತಿಂಗಳಲ್ಲಿ ಲಂಡನ್ನಿನ ಜಿಟಿಜಿಟಿ.
ಆಗಲೂ ಹೀಗೇ. ಹೊರಗೆ ಬೋಳುಗುಡ್ಡ
ರಾತ್ರಿ ಹತ್ತಾದರೂ ರೊಟ್ಟಿ ಹಂಚಿನಂತೆ ಕಾದಿರುತ್ತಿತ್ತು,
ಒಳಗೆ ಬಾಡಿಗೆಯ ವಿಸಿಆರು, ಅದಕ್ಕೊಂದು ಟವೆಲಿನ ಮುಸುಕು.
ಗುಂತಕಲ್ಲಿನ ರೈಲ್ವೆ ಗಾರ್ಡು ಯಾರೋ
ದೇಶ ಬಿಡುವಾಗ ಮಾರಿಹೋದ ಹನ್ನೆರಡು ಕ್ಯಾಸೆಟ್ಟುಗಳು;
ದಸ್ತಗೀರ್ ಮಾಮನ ಅಂಗಡಿಯಲ್ಲಿ
ಅವನ್ನು ಕೇಳುವವರೇ ಇರಲಿಲ್ಲ,
ಅಪ್ಪನೊಬ್ಬನ ಬಿಟ್ಟು.

ಹೆಡ್ ಕಾನ್ಸ್‌ಟೇಬಲ್ ಮಾರೆಣ್ಣ.
ಇಂಗ್ಲಿಷೆಂದರೆ ಯೆಸ್ಸಾರ್, ಬಿಟ್ಟರೆ ನೋಸಾರ್.
ಬೆಲ್ಟು ಸಡಿಲಿಸಿ, ಮಂಡಕ್ಕಿ ಒಗ್ಗರಣೆಗೆ ಮಿರ್ಚಿ ಮುರಿಯುತ್ತಾ
ಕತೆ ಬಿಡಿಸಿ ಹೇಳುತ್ತಿದ್ದ:
'ಇವನ್ನ ಹೇಣ್ತಿ ಬಿಟ್ಟಾಳ, ಅದಕ್ಕ ಕುಡೀತಾನ.
ಅವನು ಕಳ್ಳ ಅಲ್ಲ, ಕಳ್ಳನ ತಮ್ಮ.
ನೋಡ್ತಿರು, ಸಾಹೇಬ ಈಗ ಫೋನ್ ಮಾಡಿ ಬೈತಾನ.'
ಬೈಯುತ್ತಿದ್ದ, ಹೇಳಿದ ಹಾಗೇ.
ಪೊಲೀಸು ಬೂಟಿಗೆ ಬೇರೆ ಭಾಷೆ ಇಲ್ಲವೆಂದು
ನಾನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಎಂಟನೆಯದರಲ್ಲಿ ಒಂದು ಸಣ್ಣ ಕೋಣೆ.
ಮೇಜು, ಬಲ್ಬು, ತೋಳು ಉದ್ದವಾದ ಸ್ವೆಟರಿನ ಹುಡುಗ.
ದೊಡ್ಡವನು ಚಿಕ್ಕವನನ್ನು ಹೊರಗೆ ಕಳಿಸಿ
ಮೆಲ್ಲಗೆ, ಬಹಳ ಮೆಲ್ಲಗೆ, ಮಾತಾಡುತ್ತಾನೆ.
'ಚಾ ಕುಡೀತಿಯೇನಪ್ಪಾ ಅಂತ ಕೇಳ್ತಾನ,' ಅಂದ ಅಪ್ಪ.
'ಬೆಳಗಾದ್ರ ಮನಿಗೆ ಕಳಸ್ತಾರ.'
ಎದ್ದು ಹೋಗಿ ವಾಲ್ಯೂಮು ಇಳಿಸಿದ.
ಯಾರಿಗೂ ತಿಳಿಯದ ಮಾತಿಗೆ ವಾಲ್ಯೂಮು ಯಾಕೆ ಇಳಿಸಬೇಕು,
ಆಗ ಹೊಳೆಯಲಿಲ್ಲ.
'ನೀರು ತಗಂಬಾ' ಅಂದ. ತಂದೆ.
ಅಷ್ಟರಲ್ಲಿ ಕೋಣೆ ಮುಗಿದಿತ್ತು.

ಆಮೇಲೆ ನಾನು ಜಿಲ್ಲಾ ಕೋರ್ಟಿನಲ್ಲಿ ಸ್ಟೆನೋ ಆದೆ.
ಹೇಳಿದ್ದನ್ನು ಹೇಳಿದಂತೆ, ಮೂವತ್ತೊಂದು ವರ್ಷ.
ಸಾಕ್ಷಿ ಅತ್ತರೆ ಅಳು ಟೈಪಾಗುವುದಿಲ್ಲ,
ಕೆಮ್ಮಿದರೆ ಕೆಮ್ಮೂ ಇಲ್ಲ.
ಅಲ್ಲೇ ಕಲಿತ ಇಂಗ್ಲಿಷು ಇದು,
ಈಗ ಪರದೆಯಿಂದ ನನ್ನ ಕಿವಿಗೆ ನೇರ ಇಳಿಯುತ್ತಿರುವುದು:
ಬೆಳಗಾಗುವುದರೊಳಗೆ
ನಿನ್ನ ತಾಯಿಗೂ ನಿನ್ನ ಗುರುತು ಸಿಗುವುದಿಲ್ಲ.
ಇಲ್ಲಿ ಸಹಿ ಹಾಕು.

ಚಹಾ ಇದೆ, ನಿಜ. ಮೇಜಿನ ಮೇಲೆ ಒಂದೇ ಕಪ್ಪು.
ಅದು ಪೊಲೀಸನದು.

ಒಂದು ರಾತ್ರಿ, ಕ್ಯಾಸೆಟ್ಟುಗಳಿಗೂ ಮುಂಚೆಯೋ ಆಮೇಲೋ,
ಅಪ್ಪ ಮೂರು ಗಂಟೆಗೆ ಬಂದು ಸ್ನಾನ ಮಾಡಿದ್ದ.
ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ
ಹಂಡೆಯ ತಳ ಕಾಣುವತನಕ ಹೊಯ್ದುಕೊಂಡ.
ಬಾಯಿ ಜೋರಿನ ಅವ್ವ ಅವತ್ತು ಒಂದು ಮಾತೂ ಆಡಲಿಲ್ಲ.
ಆ ವಾರವಿಡೀ ಠಾಣೆಯ ಮೆಟ್ಟಿಲ ಮೇಲೆ
ಪಂಚರ್ ಅಂಗಡಿಯ ಹೊನ್ನೂರಸಾಬನ ತಾಯಿ ಕೂತಿದ್ದಳು,
ಮಗನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು.
ಶಾಲೆಗೆ ಹೋಗುವಾಗ ನೋಡಿದ್ದೆ.
ಬರುವಾಗ ಬೇರೆ ರಸ್ತೆ ಹಿಡಿದಿದ್ದೆ.

ಇದಕ್ಕೂ ಅದಕ್ಕೂ ಸಂಬಂಧ ಇದೆಯೆಂದು
ನಾನು ಪ್ರಮಾಣ ಮಾಡಿ ಹೇಳಲಾರೆ.
ರೆಕಾರ್ಡ್ ರೂಮಿನ ಬೀಗದ ಕೈ
ಮೂರು ಸಲ ನನ್ನ ಕೈಗೆ ಬಂದಿತ್ತು.
ಧೂಳು ಆಗುವುದಿಲ್ಲ ಅಂದೆ, ಡಾಕ್ಟರ ಚೀಟಿ ತೋರಿಸಿದೆ.

ಈಗ ಬೇಕಾದಷ್ಟು ಸಲ ಹಿಂದಕ್ಕೆ ತಿರುಗಿಸಬಹುದು.
ಹುಡುಗ ಪೆನ್ನು ಹಿಡಿಯುತ್ತಾನೆ, ಬಿಡುತ್ತಾನೆ, ಹಿಡಿಯುತ್ತಾನೆ.
ದೊಡ್ಡ ಪೊಲೀಸನ ಮುಖ ಮಾತ್ರ
ಅವತ್ತು ಕಂಡಷ್ಟು ಕೆಟ್ಟದಾಗಿಲ್ಲ;
ಸುಸ್ತಾಗಿದೆ, ಎಡಗಣ್ಣು ಅದುರುತ್ತದೆ,
ಅಪ್ಪನದೂ ಹಾಗೇ ಅದುರುತ್ತಿತ್ತು.

'ಏನಂತಾನ ಅವನು, ಇಷ್ಟು ಮೆತ್ತಗ?'
ಚಾಪೆಯ ಮೇಲಿಂದ ಅತ್ತಿಗೆ, ಅರ್ಧ ನಿದ್ದೆಯಲ್ಲಿ.

'ಚಾ' ಅಂದೆ. 'ಚಾ ಕುಡೀತಿಯೇನು ಅಂತ.'

'ಈ ಹೊತ್ನಾಗ,' ಅಂದಳು ಮಗ್ಗುಲಾಗಿ,
'ಯಾರಿಗೆ ಚಾ?'